ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಮತ್ತು ಬೇಸರ: ಮನೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ನಿಭಾಯಿಸುವುದು ಹೇಗೆ

ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಅವಳಿಗೆ 46 ವರ್ಷ. ಮೂರನೇ ಕೀಮೋ ದಿನ ಡಾಕ್ಟರ್ "ಹೇಗಿದ್ದೀರಮ್ಮ?" ಅಂತ ಕೇಳಿದರು. "ಚೆನ್ನಾಗಿದ್ದೀನಿ ಡಾಕ್ಟ್ರೇ" ಅಂದಳು. ಹೊರಗೆ ಬಂದು ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಗೋಡೆ ಹಿಡಿದು ಕೂತುಬಿಟ್ಟಳು. ಒಳಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಸುಸ್ತು ಅಂದ್ರೆ ಕೀಮೋ ಮುಂದಕ್ಕೆ ಹಾಕಿಬಿಡ್ತಾರೆ ಕಣೇ. ಬೇಗ ಮುಗಿದುಹೋದ್ರೆ ಸಾಕು ನಂಗೆ" ಅಂದಳು.

ಆಮೇಲೆ ಇದೇ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ವಾಂತಿ ಆದರೆ ಹೇಳುತ್ತಾರೆ, ನೋವಾದರೆ ಹೇಳುತ್ತಾರೆ. ಸುಸ್ತು, ಬೇಸರ ಮಾತ್ರ ಬಾಯಿಗೆ ಬರುವುದಿಲ್ಲ. ಅದು ಇದ್ದದ್ದೇ, ಸಹಿಸಿಕೊಳ್ಳಬೇಕು ಅಂದುಕೊಳ್ಳುತ್ತಾರೆ. ನಾನು ಡಾಕ್ಟರ್ ಅಲ್ಲ, ಅಕ್ಕನ ಫೈಲ್ ಹಿಡಿದುಕೊಂಡು ಹತ್ತು ತಿಂಗಳು ಬೆಂಗಳೂರಿನಲ್ಲಿ ಓಡಾಡಿದವಳು. ಆ ಓಡಾಟದಲ್ಲಿ ಡಾಕ್ಟರು, ನರ್ಸುಗಳು, ಆಪ್ತಸಮಾಲೋಚಕರು ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ಸುಸ್ತಿಗೂ ಬೇಸರಕ್ಕೂ ಮಾಡಬಹುದಾದದ್ದು ಬಹಳ ಇದೆ. ಆದರೆ ಮೊದಲು ಬಾಯಿ ಬಿಟ್ಟು ಹೇಳಬೇಕು.

ಮೊದಲ ಹೆಜ್ಜೆ: ಇದು ಯಾವ ಸುಸ್ತು ಅಂತ ತಿಳಿದುಕೊಳ್ಳಿ

ಹಬ್ಬದ ಹಿಂದಿನ ದಿನ ಮನೆಯೆಲ್ಲ ತೊಳೆದು ಸುಸ್ತಾದರೆ ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಚಿಕಿತ್ಸೆಯ ಸುಸ್ತು ಹಾಗಲ್ಲ. ಏನೂ ಕೆಲಸ ಮಾಡದಿದ್ದರೂ ಬರುತ್ತದೆ, ಎಂಟು ಗಂಟೆ ಮಲಗಿ ಎದ್ದರೂ ಹಾಗೇ ಇರುತ್ತದೆ. ತಲೆ ಬಾಚಲು ಕೈ ಎತ್ತಿದರೆ ತೋಳು ಸೋಲುತ್ತದೆ. ಪೇಪರ್‌ನಲ್ಲಿ ಒಂದೇ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಇದಕ್ಕೆ ಸೋಮಾರಿತನ ಅಂತಲೋ, ಧೈರ್ಯ ಸಾಲದು ಅಂತಲೋ ಮನೆಯಲ್ಲಿ ಯಾರೂ ಹೇಳಬಾರದು. ರೋಗಿಯೂ ತನಗೆ ತಾನೇ ಹಾಗೆ ಹೇಳಿಕೊಳ್ಳಬಾರದು. ಚಿಕಿತ್ಸೆ ಪಡೆಯುವವರಲ್ಲಿ ಬಹುಪಾಲು ಜನರಿಗೆ ಇದು ಬರುತ್ತದೆ.

ಎರಡನೇ ಹೆಜ್ಜೆ: ಸುಸ್ತಿಗೆ ನಂಬರ್ ಕೊಡಿ

ಒಂದು ನೋಟ್‌ಬುಕ್ ಇಡಿ. ಮಕ್ಕಳ ಹಳೇ ನೋಟ್‌ಬುಕ್‌ನಲ್ಲಿ ಉಳಿದ ಹಾಳೆಗಳಿದ್ದರೂ ಸಾಕು. ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, 0ಯಿಂದ 10ರ ತನಕ ಒಂದು ನಂಬರ್ ಬರೆಯಿರಿ. 0 ಅಂದರೆ ಸುಸ್ತೇ ಇಲ್ಲ. 10 ಅಂದರೆ ಇದಕ್ಕಿಂತ ಜಾಸ್ತಿ ಸುಸ್ತು ಇರಲಾರದು. 3ರ ಒಳಗಿದ್ದರೆ ಕಡಿಮೆ. 4ರಿಂದ 6 ಮಧ್ಯಮ. 7 ಅಥವಾ ಅದಕ್ಕಿಂತ ಮೇಲಿದ್ದರೆ ತೀವ್ರ. 4 ಅಥವಾ ಅದಕ್ಕಿಂತ ಮೇಲೆ ನಿಂತೇ ಇದ್ದರೆ ಡಾಕ್ಟರ್ ಕಾರಣ ಹುಡುಕಬೇಕಾದ ಮಟ್ಟ ಅದು. ಪಕ್ಕದಲ್ಲಿ ಎರಡೇ ಪದ ಬರೆದರೆ ಸಾಕು: "ಸ್ನಾನದ ನಂತರ", "ನಿದ್ದೆ ಇಲ್ಲ", "ಅತ್ತೆ".

ಎರಡು ಕೀಮೋ ಕಳೆಯುವಷ್ಟರಲ್ಲಿ ಸುಸ್ತಿನ ಏರಿಳಿತ ಕಣ್ಣಿಗೆ ಕಾಣುತ್ತದೆ. ಅಕ್ಕನಿಗೆ ಕೀಮೋ ಆದ ದಿನ, ಮರುದಿನ ಆಶ್ಚರ್ಯಪಡುವಷ್ಟು ಚುರುಕು ಇರುತ್ತಿತ್ತು. ಮೂರನೇ ದಿನ ಧೊಪ್ ಅಂತ ಬೀಳುತ್ತಿದ್ದಳು, ಅಳುತ್ತಿದ್ದಳು. ನಮಗೆ ಅರ್ಥವೇ ಆಗುತ್ತಿರಲಿಲ್ಲ. ನೋಟ್‌ಬುಕ್ ನೋಡಿದ ನರ್ಸ್ ತಕ್ಷಣ ಹೇಳಿದರು: ವಾಂತಿ ಆಗದಿರಲಿ ಅಂತ ಕೊಡುವ ಡೆಕ್ಸಾಮೆಥಸೋನ್ ಒಂದು ಸ್ಟೀರಾಯ್ಡ್. ಅದು ಇರುವಷ್ಟು ದಿನ ಮೈಗೆ ಹುರುಪು ಇರುತ್ತದೆ, ನಿದ್ದೆ ಹಾರುತ್ತದೆ. ಅದು ನಿಂತ ಮೇಲೆ ಮೈಯೂ ಮನಸ್ಸೂ ಒಟ್ಟಿಗೆ ಇಳಿಯುತ್ತವೆ. ಇದು ಗೊತ್ತಾದ ಮೇಲೆ ಆ ಮೂರನೇ ದಿನದ ಅಳು ಮನೆಯಲ್ಲಿ ಯಾರನ್ನೂ ಹೆದರಿಸಲಿಲ್ಲ. ಸ್ಟೀರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಹೊತ್ತೇ ತೆಗೆದುಕೊಳ್ಳಬಹುದಾ ಅಂತ ಕೇಳಿ. ಸಂಜೆ ತೆಗೆದುಕೊಂಡರೆ ರಾತ್ರಿಯೆಲ್ಲ ಜಾಗರಣೆ.

ಕೀಮೋ ಆದ ಒಂದರಿಂದ ಎರಡು ವಾರದ ನಡುವೆ ರಕ್ತದ ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಕೆಳಗಿಳಿಯುವುದು ಸಾಮಾನ್ಯ. ಆಗಲೂ ಸುಸ್ತು ಏರಬಹುದು. ರೇಡಿಯೇಷನ್ ಲೆಕ್ಕ ಬೇರೆ. ಮೊದಲ ವಾರ ಏನೂ ಅನ್ನಿಸುವುದಿಲ್ಲ. ದಿನ ಕಳೆದಂತೆ ಸುಸ್ತು ಒಂದರ ಮೇಲೊಂದು ಕೂತು, ಕೊನೆಯ ದಿನಗಳಲ್ಲಿ ಮತ್ತು ಮುಗಿದ ಕೆಲವು ವಾರ ಜಾಸ್ತಿ ಇರುತ್ತದೆ. "ಎಲ್ಲ ಮುಗೀತಲ್ಲ, ಇನ್ನೂ ಯಾಕೆ ಮಲಗಿದ್ದಾಳೆ" ಅಂತ ನೆಂಟರು ಕೇಳುವುದು ಸರಿಯಾಗಿ ಆ ಹೊತ್ತಿಗೇ.

ಮೂರನೇ ಹೆಜ್ಜೆ: ಡಾಕ್ಟರ್ ಮುಂದೆ ಆ ಪುಟ ಇಡಿ

ಓಪಿಡಿಯಲ್ಲಿ ಸಿಗುವುದು ಕೆಲವೇ ನಿಮಿಷ. ಒಳಗೆ ಹೋದ ತಕ್ಷಣ, ಸ್ಕ್ಯಾನ್ ರಿಪೋರ್ಟ್ ಮಾತು ಶುರುವಾಗುವ ಮುಂಚೆಯೇ, ಹೇಳಿ: "ಡಾಕ್ಟ್ರೇ, ಹತ್ತು ದಿನದಿಂದ ಸುಸ್ತು 7ರ ಮೇಲಿದೆ. ಒಬ್ಬಳೇ ಸ್ನಾನ ಮಾಡೋಕೆ ಆಗ್ತಿಲ್ಲ." ಹೀಗೆ ಹೇಳಿದರೆ ಯಾವ ಡಾಕ್ಟರಿಗೂ ಅರ್ಥವಾಗುತ್ತದೆ. ಬರೀ "ಸ್ವಲ್ಪ ಸುಸ್ತು" ಅಂದರೆ ಅದು ಗಾಳಿಗೆ ಹೋಗುತ್ತದೆ.

ಹೇಳಿದರೆ ಚಿಕಿತ್ಸೆ ನಿಲ್ಲಿಸುತ್ತಾರೆ ಅನ್ನುವ ಭಯಕ್ಕೆ ಒಂದು ಮಾತು. ಸುಸ್ತಿನ ಹಿಂದೆ ಸರಿಪಡಿಸಬಹುದಾದ ಕಾರಣ ಇರುವುದು ಬಹಳ ಸಾಮಾನ್ಯ. ರಕ್ತಹೀನತೆ, ಥೈರಾಯ್ಡ್ ಏರುಪೇರು, ಬಿ12 ಕೊರತೆ, ಸೋಡಿಯಂ ಇಳಿದಿರುವುದು, ಒಳಗೆ ಅಡಗಿರುವ ಸೋಂಕು, ಹಿಡಿತಕ್ಕೆ ಬಾರದ ನೋವು, ನಿದ್ದೆ ಬರಿಸುವ ಮಾತ್ರೆಗಳು, ಹೊಟ್ಟೆಗೆ ಸಾಲದ ಊಟ. ಇವುಗಳಲ್ಲಿ ಯಾವುದಕ್ಕೆ ಪರೀಕ್ಷೆ ಬೇಕು ಅಂತ ಅವರು ನೋಡುತ್ತಾರೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಅಕ್ಕನಿಗೆ ಮೊದಲಿಂದ ಥೈರಾಯ್ಡ್ ಇತ್ತು. ಕೀಮೋ ಮಾತ್ರೆಗಳ ಗದ್ದಲದಲ್ಲಿ, ಬೆಳಗಿನ ವಾಕರಿಕೆಯಲ್ಲಿ, ಥೈರಾಯ್ಡ್ ಮಾತ್ರೆ ವಾರಗಟ್ಟಲೆ ಬಿಟ್ಟುಹೋಗಿತ್ತು. ಮತ್ತೆ ಶುರುಮಾಡಿದ ಕೆಲವು ವಾರಗಳಲ್ಲಿ 8 ಇದ್ದದ್ದು 5ಕ್ಕೆ ಇಳಿಯಿತು. ಕೀಮೋ ಒಂದು ದಿನವೂ ಮುಂದೆ ಹೋಗಲಿಲ್ಲ. ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಪಡೆಯುವವರಂತೂ ಹೊಸದಾಗಿ ಬಂದ ಸುಸ್ತನ್ನು ತಡಮಾಡದೆ ಹೇಳಬೇಕು. ಆ ಔಷಧಿಗಳು ಥೈರಾಯ್ಡ್, ಅಡ್ರಿನಲ್ ಗ್ರಂಥಿಗಳ ಮೇಲೆ ಪರಿಣಾಮ ಬೀರಬಲ್ಲವು.

ಬೀಟ್‌ರೂಟ್ ಜ್ಯೂಸ್ ಕುಡಿಸಿ, ದಾಳಿಂಬೆ ತಿನ್ನಿಸಿ, ರಕ್ತ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪ್ರೀತಿಯಿಂದ ಹೇಳುತ್ತಾರೆ. ತಿನ್ನಲಿ, ತೊಂದರೆ ಇಲ್ಲ. ಆದರೆ ಕೀಮೋದಿಂದ ರಕ್ತ ಕಡಿಮೆಯಾಗುವುದು ಹೆಚ್ಚಾಗಿ ಮೂಳೆಮಜ್ಜೆಯ ಕೆಲಸ ನಿಧಾನವಾಗುವುದರಿಂದ. ಜ್ಯೂಸ್ ಒಂದರಿಂದ ಅದು ಸರಿಹೋಗುವುದಿಲ್ಲ. ಕಬ್ಬಿಣದ ಮಾತ್ರೆ, ಅಶ್ವಗಂಧ, ಯಾವುದೋ ಶಕ್ತಿಪುಡಿ, ಇವನ್ನೆಲ್ಲ ಡಾಕ್ಟರಿಗೆ ಹೇಳದೆ ಶುರುಮಾಡಬೇಡಿ.

ಕೆಲವು ಲಕ್ಷಣ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಲೇಬಾರದು. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಡೋಲೋ ನುಂಗಿ ಬೆಳಗಿನ ತನಕ ನೋಡೋಣ ಅನ್ನಬೇಡಿ. ಸುಮ್ನೆ ಕೂತಿದ್ದರೂ ಏದುಸಿರು, ಎದೆನೋವು, ಒಂದೇ ಕಾಲು ಊದಿಕೊಳ್ಳುವುದು, ರಕ್ತಸ್ರಾವ, ಮಾತು ತೊದಲುವುದು, ಹಾಸಿಗೆಯಿಂದ ಏಳಲೇ ಆಗದಿರುವುದು, ಇವೂ ಹಾಗೇ. ಆಂಬುಲೆನ್ಸ್‌ಗೆ 108.

ನಾಲ್ಕನೇ ಹೆಜ್ಜೆ: ಇರುವ ಶಕ್ತಿಯನ್ನು ಲೆಕ್ಕ ಹಾಕಿ ಖರ್ಚು ಮಾಡಿ

ತಿಂಗಳ ಕೊನೆಯಲ್ಲಿ ಕೈಯಲ್ಲಿ ಐನೂರು ರೂಪಾಯಿ ಉಳಿದಿದ್ದರೆ ಹೇಗೆ ಖರ್ಚು ಮಾಡುತ್ತೇವೋ ಹಾಗೆ. ಚೆನ್ನಾಗಿದ್ದ ದಿನ ಎಲ್ಲ ಕೆಲಸ ಮುಗಿಸಿಬಿಡೋಣ ಅಂತ ಹೊರಟರೆ ಮುಂದಿನ ಎರಡು ದಿನ ಹಾಸಿಗೆ. ಈ ತಪ್ಪನ್ನು ನಾವು ಮೂರು ಸಲ ಮಾಡಿದೆವು.

ನೋಟ್‌ಬುಕ್ ನೋಡಿ, ಯಾವ ಹೊತ್ತಿನಲ್ಲಿ ನಂಬರ್ ಕಡಿಮೆ ಇದೆಯೋ ಆ ಹೊತ್ತಿಗೆ ಮುಖ್ಯವಾದ ಒಂದು ಕೆಲಸ ಇಟ್ಟುಕೊಳ್ಳಿ. ಅದರ ಮುಂಚೆ ವಿರಾಮ, ಆಮೇಲೆ ವಿರಾಮ. ಯಾವುದು ಮುಖ್ಯ ಅನ್ನುವುದನ್ನು ರೋಗಿಯೇ ಆರಿಸಲಿ. ಅಕ್ಕ ದೇವರ ಮನೆಯಲ್ಲಿ ಹೂ ಇಟ್ಟು ದೀಪ ಹಚ್ಚುವುದನ್ನು ಉಳಿಸಿಕೊಂಡಳು, ಅಡುಗೆ ಬಿಟ್ಟಳು. ನಾವಾಗಿದ್ದರೆ ಎರಡನ್ನೂ ಬಿಡಿಸುತ್ತಿದ್ದೆವು. ಅದು ತಪ್ಪಾಗುತ್ತಿತ್ತು.

ಬಚ್ಚಲಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಡಿ, ಜಾರದ ಮ್ಯಾಟ್ ಹಾಕಿ. ಸ್ನಾನಕ್ಕೆ ಕುದಿಯುವ ನೀರು ಬೇಡ, ಉಗುರುಬೆಚ್ಚಗಿರಲಿ. ತರಕಾರಿ ಹೆಚ್ಚುವ ಆಸೆ ಇದ್ದರೆ ಕುರ್ಚಿಯಲ್ಲಿ ಕೂತು ಹೆಚ್ಚಲಿ. ದಿನಕ್ಕೆ ಹತ್ತು ಸಲ ಬೇಕಾಗುವ ಸಾಮಾನು ಸೊಂಟದ ಎತ್ತರದಲ್ಲಿರಲಿ. ನೀರಿನ ಬಾಟಲಿ, ಫೋನ್, ಮಾತ್ರೆ ಡಬ್ಬಿ ಒಂದೇ ಬುಟ್ಟಿಯಲ್ಲಿ ಕೈಗೆ ಸಿಗುವಂತಿರಲಿ.

ಬೆಂಗಳೂರಿನಲ್ಲಿ ಆಸ್ಪತ್ರೆಗೆ ಹೋಗಿ ಬರುವುದೇ ಒಂದು ದಿನದ ಶಕ್ತಿಯನ್ನು ತಿಂದುಹಾಕುತ್ತದೆ. ಟ್ರಾಫಿಕ್, ಟೋಕನ್, ಬಿಲ್ಲಿಂಗ್, ಲ್ಯಾಬ್, ಮತ್ತೆ ಟೋಕನ್. ಇಲ್ಲಿ ಮನೆಯವರು ಮಾಡಬಹುದಾದದ್ದು ಜಾಸ್ತಿ. ಸರದಿಯಲ್ಲಿ ನಿಲ್ಲುವುದು ಜೊತೆಗೆ ಬಂದವರ ಕೆಲಸ. ರೋಗಿ ಕೂತಿರಲಿ, ಸಾಧ್ಯವಾದರೆ ಕಾಲು ಚಾಚಿ. ವೀಲ್‌ಚೇರ್ ಕೇಳಲು ನಾಚಿಕೆ ಬೇಡ. ನಡೆಯಲು ಬರುವವರೂ ಕೇಳಬಹುದು. ರಕ್ತ ಪರೀಕ್ಷೆಯನ್ನು ಹಿಂದಿನ ದಿನ ಮನೆ ಹತ್ತಿರದ ಲ್ಯಾಬ್‌ನಲ್ಲಿ ಮಾಡಿಸಿ ರಿಪೋರ್ಟ್ ತರಬಹುದಾ ಅಂತ ಕೇಳಿ. ಚೀಲದಲ್ಲಿ ಮೊಸರನ್ನ ಅಥವಾ ಇಡ್ಲಿ, ನೀರು, ಒಂದು ಶಾಲು ಇರಲೇಬೇಕು. ಕೀಮೋ ವಾರ್ಡ್‌ನ ಏಸಿಗೆ ಮೈ ನಡುಗುತ್ತದೆ. ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವು ವಾರ ನಡೆಯುತ್ತದೆ. ದಿನಾ ಯಲಹಂಕದಿಂದ ಹೊಸೂರು ರಸ್ತೆಗೆ ಬರುವವರು ಅಷ್ಟು ದಿನ ಹತ್ತಿರದ ನೆಂಟರ ಮನೆಯಲ್ಲೋ, ಆಸ್ಪತ್ರೆಯ ಧರ್ಮಶಾಲೆಯಲ್ಲೋ ಇರುವುದು ಎಷ್ಟೋ ಮೇಲು. ಊರಿಂದ ಬರುವವರು ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜೊತೆಗೆ ಬರುವ ಒಬ್ಬರಿಗೂ ಇರುವ ರಿಯಾಯಿತಿಯ ಫಾರಂ ಅನ್ನು ಆಸ್ಪತ್ರೆಯಲ್ಲೇ ಕೇಳಿ ತುಂಬಿಸಿಕೊಳ್ಳಿ.

ನೋಡಲು ಬರುವವರ ವಿಷಯ ಖಾರವಾಗಿಯೇ ಹೇಳುತ್ತೇನೆ. ನೆಂಟರು ಬಂದರೆ ರೋಗಿ ಎದ್ದು ಕೂರಬೇಕು, ನಗಬೇಕು, ಎಲ್ಲ ಕಥೆ ಮೊದಲಿಂದ ಹೇಳಬೇಕು. ಒಂದು ಗಂಟೆಯ ಭೇಟಿಗೆ ಅಕ್ಕನ ನಂಬರ್ ಎರಡು ಏರುತ್ತಿತ್ತು. ಮನೆಯಲ್ಲಿ ಒಬ್ಬರು ಈ ಜವಾಬ್ದಾರಿ ತೆಗೆದುಕೊಳ್ಳಿ. ನಮ್ಮ ಭಾವ ಫ್ಯಾಮಿಲಿ ಗ್ರೂಪ್‌ನಲ್ಲಿ ಬರೆದರು: "ದಯವಿಟ್ಟು ಫೋನ್ ಮಾಡಿ ಬನ್ನಿ. ಹದಿನೈದು ನಿಮಿಷ ಸಾಕು. ಕೆಮ್ಮು ನೆಗಡಿ ಇದ್ದರೆ ಬೇಡ." ಒಂದಿಬ್ಬರು ಮುನಿಸಿಕೊಂಡರು. ಆಮೇಲೆ ಸರಿಹೋದರು.

ಐದನೇ ಹೆಜ್ಜೆ: ಸುಸ್ತಿದ್ದರೂ ನಡೆಯಿರಿ

ಕೇಳಿದರೆ ತಿರುಗುಮುರುಗು ಅನ್ನಿಸುತ್ತದೆ, ಅಲ್ವಾ? ಆದರೆ ಚಿಕಿತ್ಸೆಯ ಸುಸ್ತಿಗೆ ಅತಿ ಗಟ್ಟಿಯಾದ ಪುರಾವೆ ಇರುವುದು ಹಗುರ ವ್ಯಾಯಾಮಕ್ಕೇ. ಇಡೀ ದಿನ ಮಲಗಿದರೆ ಸ್ನಾಯುಗಳು ಕರಗುತ್ತವೆ, ನಾಳೆ ಎರಡು ಹೆಜ್ಜೆಗೂ ಜಾಸ್ತಿ ಶಕ್ತಿ ಬೇಕಾಗುತ್ತದೆ.

ಮೊದಲು ಐದು ನಿಮಿಷ. ಹಜಾರದಲ್ಲೇ, ಕಾರಿಡಾರ್‌ನಲ್ಲೇ, ತಾರಸಿಯಲ್ಲೇ. ನಡೆಯುವಾಗ ಮಾತಾಡಲು ಆಗಬೇಕು, ಅದೇ ಸರಿಯಾದ ವೇಗ. ಮೂರು ನಾಲ್ಕು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ವಾರಕ್ಕೆ ಮೂರು ದಿನ, ಒಂದೊಂದು ಸಲ 30 ನಿಮಿಷ ಮುಟ್ಟಿದರೆ ಬಹಳ ಒಳ್ಳೆಯದು. ಮುಟ್ಟದಿದ್ದರೂ ಹತ್ತು ನಿಮಿಷ ವ್ಯರ್ಥವಲ್ಲ. ಕೀಮೋ ನಂತರದ ಕೆಟ್ಟ ದಿನಗಳಲ್ಲಿ ಹಾಸಿಗೆಯಲ್ಲೇ ಕಾಲು ಮಡಚಿ ಚಾಚಿದರೆ ಸಾಕು. ಕುರ್ಚಿಯಿಂದ ಎದ್ದು ಕೂರುವುದನ್ನು ಐದಾರು ಸಲ ಮಾಡಿದರೆ ತೊಡೆಗೆ ಬಲ ಬರುತ್ತದೆ. ಹಗುರವಾದ ಯೋಗಾಸನ, ಪ್ರಾಣಾಯಾಮ ಸುಸ್ತಿಗೂ ಮನಸ್ಸಿಗೂ ನೆರವಾಗುತ್ತವೆ. ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಯೋಗದ ಅಧ್ಯಯನಗಳು ನಮ್ಮ ಬೆಂಗಳೂರಿನಲ್ಲೇ ನಡೆದಿವೆ. ಆಪರೇಷನ್ ಆಗಿದ್ದರೆ ಯಾವ ಆಸನ ಬೇಡ ಅಂತ ಕೇಳಿಯೇ ಶುರುಮಾಡಿ.

ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೆಲವು ಕೀಮೋಗಳಿಂದ ಪಾದಕ್ಕೆ ಜೋಮು ಬರುತ್ತದೆ. ಆಗ ನಮ್ಮ ಫುಟ್‌ಪಾತ್‌ಗಳು ಅಪಾಯ. ಕಲ್ಲು ಎದ್ದಿರುವುದು ಕಾಲಿಗೆ ಗೊತ್ತಾಗುವುದಿಲ್ಲ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಹಾಕಿ. ಸಮತಟ್ಟಾದ, ಅಲ್ಲಲ್ಲಿ ಬೆಂಚು ಇರುವ ಪಾರ್ಕ್ ಆರಿಸಿ. ಜ್ವರ ಇದ್ದರೆ, ಪ್ಲೇಟ್‌ಲೆಟ್ ಅಥವಾ ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ, ಮೂಳೆಗೆ ಕ್ಯಾನ್ಸರ್ ಹರಡಿದ್ದರೆ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಹೊರಡಬೇಡಿ.

ಆರನೇ ಹೆಜ್ಜೆ: ನಿದ್ದೆ, ಊಟ

ಹಗಲು ನಿದ್ದೆ 30 ನಿಮಿಷ ಮೀರದಿರಲಿ, ಮಧ್ಯಾಹ್ನ ಮೂರರ ಒಳಗೆ ಮುಗಿಯಲಿ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನದ ಮೇಲೆ ಫಿಲ್ಟರ್ ಕಾಫಿ ಬೇಡ. ಇದು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾದ ಸಲಹೆ.

ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಕೊಡಿ. ಚಿಕಿತ್ಸೆಯಲ್ಲಿ ಪ್ರೋಟೀನ್ ಜಾಸ್ತಿ ಬೇಕು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಅಂತ ಲೆಕ್ಕ. ಕಿಡ್ನಿ ತೊಂದರೆ ಇದ್ದವರು ಕೇಳಿಕೊಳ್ಳಬೇಕು. ಬರೀ ಗಂಜಿ ಕೊಟ್ಟರೆ ಇದು ಸಿಗುವುದಿಲ್ಲ. ರಾಗಿ ಗಂಜಿಗೆ ಹಾಲು ಸೇರಿಸಿ. ಹೆಸರುಬೇಳೆ ಪೊಂಗಲ್, ಬೇಯಿಸಿದ ಮೊಟ್ಟೆ, ಪನೀರ್, ಮೀನು, ಮನೆಯಲ್ಲಿ ಏನು ತಿನ್ನುತ್ತೀರೋ ಅದು. ಬಾಯಿ ಕಬ್ಬಿಣ ಕಬ್ಬಿಣ ಅನ್ನಿಸಿದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಕೊಟ್ಟು ನೋಡಿ, ಬಾಯಿ ಹುಣ್ಣು ಇಲ್ಲದಿದ್ದರೆ ಸ್ವಲ್ಪ ನಿಂಬೆರಸ. ಕೌಂಟ್ ಇಳಿದಿರುವಾಗ ಹೊರಗೆ ಹೆಚ್ಚಿಟ್ಟ ಹಣ್ಣು, ಚಾಟ್, ಹಸಿ ಕೋಸಂಬರಿ ಬೇಡ.

ಏಳನೇ ಹೆಜ್ಜೆ: ಬೇಸರವನ್ನು ಸುಸ್ತಿನಿಂದ ಬಿಡಿಸಿ ನೋಡಿ

ಎರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸುಸ್ತಾದವರು ಬೇಸರಪಡುತ್ತಾರೆ, ಬೇಸರಗೊಂಡವರಿಗೆ ಸುಸ್ತಾಗುತ್ತದೆ. ನಿದ್ದೆ ಕೆಡುವುದು, ಹಸಿವಿಲ್ಲದಿರುವುದು ಎರಡರಲ್ಲೂ ಇರುವುದರಿಂದ ಅವುಗಳಿಂದ ಗೊತ್ತಾಗುವುದಿಲ್ಲ. ನನಗೆ ಒಬ್ಬ ಆಪ್ತಸಮಾಲೋಚಕಿ ಹೇಳಿಕೊಟ್ಟ ಗುರುತು ಇದು. ಬರೀ ಸುಸ್ತಿರುವವರು "ಮೊಮ್ಮಗುವನ್ನು ಎತ್ತಿಕೊಳ್ಳಬೇಕು ಅನ್ಸುತ್ತೆ, ಕೈಲಾಗಲ್ಲ" ಅನ್ನುತ್ತಾರೆ. ಖಿನ್ನತೆ ಇರುವವರು "ಎತ್ತಿಕೊಳ್ಳಬೇಕು ಅಂತಲೂ ಅನ್ಸಲ್ಲ" ಅನ್ನುತ್ತಾರೆ.

ಎರಡು ಪ್ರಶ್ನೆ ಕೇಳಿ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿದೆಯಾ, ಎಲ್ಲ ಮುಗೀತು ಅನ್ನಿಸಿದೆಯಾ? ಮೊದಲು ಖುಷಿ ಕೊಡುತ್ತಿದ್ದ ವಿಷಯಗಳಲ್ಲಿ ಆಸಕ್ತಿ ಹೋಗಿದೆಯಾ? ಒಂದಕ್ಕೆ ಹೌದು ಅಂದರೂ ಡಾಕ್ಟರಿಗೆ ಹೇಳಲೇಬೇಕು. ರಿಪೋರ್ಟ್ ಬರುವ ಹಿಂದಿನ ದಿನದ ದಿಗಿಲು, ಕೂದಲು ಉದುರಿದ ದಿನದ ಅಳು ಬೇರೆ. ಅವು ಬರುತ್ತವೆ, ಹೋಗುತ್ತವೆ. ಎರಡು ವಾರ ಕದಲದೆ ಕೂತ ಮಂಕು ಬೇರೆ.

ಮನೆಯಲ್ಲಿ ಏನು ಮಾತಾಡಬೇಕು ಅನ್ನುವುದು ನಮಗೆ ಬಹಳ ದಿನ ತಿಳಿಯಲಿಲ್ಲ. "ಧೈರ್ಯವಾಗಿರು, ಪಾಸಿಟಿವ್ ಆಗಿ ಯೋಚನೆ ಮಾಡು" ಅಂತ ದಿನಾ ಹೇಳುತ್ತಿದ್ದೆವು. ಒಂದು ರಾತ್ರಿ ಅಕ್ಕ ಅಂದಳು: "ಅತ್ತರೆ ಕಾಯಿಲೆ ಜಾಸ್ತಿ ಆಗುತ್ತೆ ಅನ್ನೋ ಹಾಗೆ ಮಾತಾಡ್ತೀರ. ಅಳೋಕೂ ಭಯ ನಂಗೆ." ಅಳುವುದರಿಂದ ಕ್ಯಾನ್ಸರ್ ಹೆಚ್ಚಾಗುವುದಿಲ್ಲ. ಅವರು ಅಳುವಾಗ ಪಕ್ಕದಲ್ಲಿ ಕೂತುಕೊಳ್ಳಿ. "ಯಾವುದು ಜಾಸ್ತಿ ಕಾಡ್ತಿದೆ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಿರಿ. ನೀವು ಅಂದುಕೊಂಡ ಉತ್ತರ ಬರದೆ ಇರಬಹುದು. ಅಕ್ಕನನ್ನು ಕಾಡುತ್ತಿದ್ದದ್ದು ಸಾವಿನ ಭಯಕ್ಕಿಂತ ಮಗಳ ಪಿಯುಸಿ ಫೀಸು. ದುಡ್ಡಿನ ಚಿಂತೆ ಇದ್ದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೂ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರನ್ನೂ ನೋಡುವುದು ಮನಸ್ಸಿನ ಚಿಕಿತ್ಸೆಯ ಒಂದು ಭಾಗವೇ.

ಕಾಯಿಲೆಯ ಹೆಸರನ್ನೇ ರೋಗಿಗೆ ಹೇಳದೆ ಮುಚ್ಚಿಡುವ ಮನೆಗಳು ಬಹಳ. ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಹೆಚ್ಚಿನವರಿಗೆ ವಾರ್ಡ್ ಬೋರ್ಡ್ ನೋಡಿಯೇ ಗೊತ್ತಾಗಿರುತ್ತದೆ. ಗೊತ್ತಿಲ್ಲದಂತೆ ನಟಿಸುತ್ತ ಒಬ್ಬರೇ ಒಳಗೊಳಗೆ ಕೊರಗುತ್ತಾರೆ. ಎಷ್ಟು ತಿಳಿಯಬೇಕು ಅಂತ ಅವರನ್ನೇ ಕೇಳಿ, ಡಾಕ್ಟರ್ ಮೂಲಕ ನಿಧಾನವಾಗಿ ಹೇಳಿಸುವುದು ಮೇಲು ಅಂತ ನನ್ನ ಅನುಭವ.

ಎಲ್ಲಿ ಹೋಗಬೇಕು? ಮೊದಲು ನಿಮ್ಮ ಕ್ಯಾನ್ಸರ್ ಡಾಕ್ಟರ್ ಹತ್ತಿರವೇ ಕೇಳಿ. ಹಲವು ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚಕರು ಇದ್ದಾರೆ. ಪ್ಯಾಲಿಯೇಟಿವ್ ಕೇರ್ ಅಂದರೆ ಕೊನೆಯ ದಿನಗಳಿಗೆ ಮಾತ್ರ ಅಂತ ಹೆದರಬೇಡಿ. ನೋವು, ಸುಸ್ತು, ಮನಸ್ಸು ಮೂರನ್ನೂ ಒಟ್ಟಿಗೆ ನೋಡುವವರು ಅವರು, ಚಿಕಿತ್ಸೆಯ ಜೊತೆಯಲ್ಲೇ ನೋಡುತ್ತಾರೆ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲಿ ಆ ವಿಭಾಗ ಇದೆ. ಕಾಯಿಲೆ ಮುಂದುವರಿದವರಿಗೆ ಮಾರತ್ತಹಳ್ಳಿ ಕಡೆಯ ಕರುಣಾಶ್ರಯ ದುಡ್ಡು ತೆಗೆದುಕೊಳ್ಳದೆ ಆರೈಕೆ ಮಾಡುತ್ತದೆ. ಕಿದ್ವಾಯಿಯ ಪಕ್ಕದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋದರೆ ಜನ ಏನಂದುಕೊಳ್ಳುತ್ತಾರೋ ಅಂತ ಭಾವ ಹಿಂಜರಿದಿದ್ದರು. ಓಪಿಡಿಯಲ್ಲಿ ಕೂತಾಗ ನಮ್ಮಂಥವರೇ ಸುತ್ತ ಇದ್ದರು. ಮನೆಯಿಂದ ಹೊರಡಲು ಆಗದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಮನಸ್ಸಿನ ತೊಂದರೆಗಳಿಗೆ ಅಂತ 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ ಇದು. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಮನೋವೈದ್ಯರು ಮಾತ್ರೆ ಬರೆದರೆ ಹೆದರಬೇಡಿ. ಗುಣ ಕಾಣಲು ಎರಡರಿಂದ ಆರು ವಾರ ಬೇಕಾಗಬಹುದು. ಹತ್ತು ದಿನ ನೋಡಿ ಬಿಡಬೇಡಿ, ಆಮೇಲೂ ತಾವಾಗೇ ನಿಲ್ಲಿಸಬೇಡಿ. ಒಂದು ಮಾತು ಮಾತ್ರ ತಪ್ಪದೆ ಹೇಳಿ: ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮನೋವೈದ್ಯರಿಗೆ ತಿಳಿಸಿ. ಪ್ಯಾರಾಕ್ಸಿಟೀನ್, ಫ್ಲುಯಾಕ್ಸಿಟೀನ್‌ನಂಥ ಕೆಲವು ಮಾತ್ರೆಗಳು ಅದರ ಕೆಲಸಕ್ಕೆ ಅಡ್ಡಿ ಮಾಡಬಲ್ಲವು. ಬೇರೆ ಮಾತ್ರೆಗಳಿವೆ, ಅವರು ಬದಲಿಸಿ ಕೊಡುತ್ತಾರೆ. ಎರಡೂ ಕಡೆಯ ಚೀಟಿಗಳನ್ನು ಒಂದೇ ಫೈಲ್‌ನಲ್ಲಿಡಿ.

"ನಾನು ಇರದಿದ್ದರೆ ನಿಮಗೆಲ್ಲ ಹಗುರ" ಅನ್ನುವ ಮಾತು ಬಂದರೆ ಬಯ್ಯಬೇಡಿ, ಮಾತು ತಿರುಗಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ನೋವಿನ ಮಾತ್ರೆ, ನಿದ್ದೆ ಮಾತ್ರೆಗಳನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. 14416ಕ್ಕೆ ಫೋನ್ ಮಾಡಿ, ಅಥವಾ ತಕ್ಷಣ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಎಂಟನೇ ಹೆಜ್ಜೆ: ನೋಡಿಕೊಳ್ಳುವವರು

ವಾರಕ್ಕೆ ಒಂದು ಮಧ್ಯಾಹ್ನವಾದರೂ ಕೆಲಸ ಇನ್ನೊಬ್ಬರಿಗೆ ಒಪ್ಪಿಸಿ ಹೊರಗೆ ಹೋಗಿ. "ಏನಾದ್ರೂ ಬೇಕಾದ್ರೆ ಹೇಳಿ" ಅನ್ನುವವರಿಗೆ ನಿಜವಾಗಿ ಹೇಳಿ: ಗುರುವಾರ ಮಧ್ಯಾಹ್ನದ ಅಡುಗೆ, ಮಗಳನ್ನು ಟ್ಯೂಷನ್‌ಗೆ ಬಿಡುವುದು. ಮೇಲಿನ ಎರಡು ಪ್ರಶ್ನೆಗಳನ್ನು ನೀವೂ ಕೇಳಿಕೊಳ್ಳಿ. 14416 ನಿಮಗೂ ಇದೆ.

ಚಿಕಿತ್ಸೆ ಮುಗಿದ ಮೇಲೆ

ಕೊನೆಯ ರೇಡಿಯೇಷನ್ ದಿನ ಮನೆಯಲ್ಲಿ ಪಾಯಸ ಮಾಡಿದೆವು. ಮರುದಿನವೂ ಅಕ್ಕನ ನಂಬರ್ 6. ಸುಸ್ತು ತಿಂಗಳುಗಟ್ಟಲೆ ಉಳಿಯಬಹುದು, ಕೆಲವರಿಗೆ ಇನ್ನೂ ಜಾಸ್ತಿ ದಿನ. ಕೆಲಸಕ್ಕೆ ವಾಪಸ್ ಹೋಗುವವರು ಮೊದಲ ತಿಂಗಳು ಅರ್ಧ ದಿನ ಅಥವಾ ಮನೆಯಿಂದ ಕೆಲಸ ಕೇಳಿಕೊಳ್ಳಿ. ಓಡಾಟ ನಿಂತು ಮನೆ ಮೌನವಾದಾಗ ಬೇಸರ ಹೊಸದಾಗಿ ಕಾಣಿಸಿಕೊಳ್ಳುವುದೂ ಉಂಟು. ಹಾಗಾಗಿ ನೋಟ್‌ಬುಕ್ ನಿಲ್ಲಿಸಬೇಡಿ. ಈಗ ದಿನಕ್ಕೆ ಮೂರು ಸಲ ಬೇಡ, ವಾರಕ್ಕೆ ಒಂದು ಸಲ ಬರೆದರೆ ಸಾಕು. ಮೂರು ತಿಂಗಳ ಫಾಲೋಅಪ್‌ಗೆ ಹೋಗುವಾಗ ಸ್ಕ್ಯಾನ್ ರಿಪೋರ್ಟ್‌ನ ಮೇಲೆ ಅದನ್ನಿಟ್ಟು ತೆಗೆದುಕೊಂಡು ಹೋಗಿ.